ಬಸ್ಸಿನ ಮೆಟ್ಟಿಲಿಗೊಂದು ಕಬ್ಬಿಣದ ಮಣೆ

ನಡೆದದ್ದು ಇಷ್ಟೇ. ನಾನು ಮಗನ ಕೈ ಕೇಳಿದೆ, ಅವನು ಕಬ್ಬಿಣದ ಮಣೆ ಮಾಡಿ ಕೊಟ್ಟ. ನಮ್ಮ ಓಣಿಯವರು ಇದಕ್ಕೆ ಬಣ್ಣ ಹಚ್ಚಿ ಹೇಳುತ್ತಾರೆ. ಈರಣ್ಣನಿಗೆ ಅವ್ವನ ಮೇಲೆ ಎಷ್ಟು ಅಂತಃಕರಣ ನೋಡ್ರಿ, ಆಕೆಯ ಮೊಣಕಾಲಿನ ಸಲುವಾಗಿ ಹೊಸ ಸಾಮಾನನ್ನೇ ಕಂಡುಹಿಡಿದ ಅಂತ. ಹೇಳಲಿ. ಬಾಯಿ ಅವರದು, ಮೊಣಕಾಲು ನನ್ನದು.

ನಾನು ಹೆಚ್ಚು ಸಾಲೆ ಕಲಿತವಳಲ್ಲ. ಆದರೆ ಒಂದು ಸಂಗತಿ ನನಗೆ ಚೆನ್ನಾಗಿ ಗೊತ್ತು. ಮನೆಯಲ್ಲಿ ಮುದುಕಿ ಗೊಣಗುವುದು ಗೋಡೆಯ ಗಡಿಯಾರದ ಸಪ್ಪಳ ಇದ್ದಂತೆ. ನಡೆದಿರುವತನಕ ಯಾರ ಕಿವಿಗೂ ಬೀಳುವುದಿಲ್ಲ, ನಿಂತ ದಿವಸ ಎಲ್ಲರೂ ತಲೆ ಎತ್ತಿ ನೋಡುತ್ತಾರೆ. ಅಂಥದ್ದರಲ್ಲಿ ಒಂದು ದಿನ ನನ್ನ ಮಗ ಉಂಡು ಕೈ ಒರೆಸಿಕೊಂಡು ಸೀದಾ ನನ್ನ ಎದುರು ಬಂದು ಕುಳಿತ. "ಅವ್ವಾ, ನಿನಗ ದಿನಾ ಏನೇನ್ ತ್ರಾಸ ಆಗತೈತಿ ಹೇಳು" ಅಂದ. ಡಾಕ್ಟರ್ ಇವನೊಬ್ಬನನ್ನೇ ಕರೆದು ಏನಾದರೂ ಹೇಳಿದರೇನೋ ಅಂದುಕೊಂಡೆ. "ಯಾಕಪಾ, ನಾ ಏನ್ ಹೊಂಟೇನೇನ?" ಅಂತ ಕೇಳಿದೆ.

ಅಡಿಗೆ ಮನೆಯಿಂದ ಸೊಸೆ ಸುವರ್ಣಾ ನಕ್ಕಳು. "ಹಂಗೇನಿಲ್ರಿ ಅತ್ತಿ. ಮೊಬೈಲ್‌ದಾಗ ಯಾವನೋ ಕೋಟ ಹಾಕ್ಕೊಂಡಂವ ಹೇಳ್ಯಾನಂತ, ದಿನಾ ಆಗೋ ಕಿರಿಕಿರಿ ಹುಡುಕ್ರಿ, ಅದರಾಗ ಧಂದೆ ಐತಿ ಅಂತ. ಮೊದಲ ನನ್ನ ಕೇಳಿದ್ರು. ನನ್ನ ಕಿರಿಕಿರಿ ನೀವೇ ಅಂದೆ. ಅದನ್ನ ಯಾರೂ ಕೊಳ್ಳೂದಿಲ್ಲಂತ, ನಿಮ್ಮ ಕಡೆ ಬಂದಾರ."

ಈರಣ್ಣನದು ಬೈಲಹೊಂಗಲದಲ್ಲಿ ವೆಲ್ಡಿಂಗ್ ಅಂಗಡಿ. ಎಂ.ಕೆ. ಹುಬ್ಬಳ್ಳಿಯ ಫ್ಯಾಕ್ಟರಿಗೆ ಕಬ್ಬು ಒಯ್ಯುವ ಟ್ರೇಲರುಗಳೆಲ್ಲ ಮುರಿದರೆ ಇವನ ಹತ್ತಿರ ಬರುತ್ತವೆ. ಹಂಗಾಮಿನಲ್ಲಿ ಉಣ್ಣಲಿಕ್ಕೂ ಪುರುಸೊತ್ತಿಲ್ಲ. ಹಂಗಾಮು ಮುಗಿಯಿತೆಂದರೆ ಅಂಗಡಿ ಮುಂದೆ ಕುಳಿತು ಮೊಬೈಲು ತಿಕ್ಕುವುದೇ ಉದ್ಯೋಗ. ಆ ಖಾಲಿ ದಿವಸಗಳಲ್ಲೇ ಈ ಹುಚ್ಚು ಹತ್ತಿದ್ದು.

ಇರಲಿ, ಕೇಳಿದನಲ್ಲ, ಹೇಳಿದೆ. ಗುಳಿಗೆಯ ಹಾಳೆ ಒತ್ತಿದರೆ ಗುಳಿಗೆ ಬಾಯಿಗೆ ಬರುವ ಬದಲು ಮಂಚದ ಕೆಳಗೆ ಹಾರುತ್ತದೆ ಅಂದೆ. ಬಿಸ್ಕೀಟಿನ ಪುಡಿಕೆ ಹಲ್ಲಿಲ್ಲದವರು ಹರಿಯುವ ಹಾಗಿಲ್ಲ, ಮೆತ್ತನ್ನ ಬಿಸ್ಕೀಟು ತಿನ್ನುವವರೇ ಹಲ್ಲಿಲ್ಲದವರು, ಇದೆಂಥ ನ್ಯಾಯ ಅಂದೆ. ಅವನು ಮೊಬೈಲನ್ನು ನನ್ನ ಬಾಯಿಯ ಮುಂದೆ ಹಿಡಿದು "ಹೂಂ, ಮುಂದ?" ಅನ್ನುತ್ತಿದ್ದ. ಖರೇ ಹೇಳಬೇಕೆಂದರೆ ನನಗೆ ಅದರ ರುಚಿ ಹತ್ತಿತು. ಈ ಮಗ ಮದುವೆಯಾದಮೇಲೆ ನನ್ನೆದುರು ಅಷ್ಟು ಹೊತ್ತು ಕುಳಿತದ್ದು ಅದೇ ಮೊದಲು. ಮುಂಜಾನೆಯಿಂದ ಒಂದೊಂದೇ ತ್ರಾಸು ಆರಿಸಿ ಇಡುತ್ತಿದ್ದೆ, ಸಂಜೆಗೆ ಅವನಿಗೆ ಬಡಿಸಲಿಕ್ಕೆ. ಕಡಿಮೆ ಬಿದ್ದರೆ ಹುಟ್ಟಿಸಿ ಹೇಳಿದ್ದೂ ಉಂಟು. ಎಡಗಿವಿಯಲ್ಲಿ ಗುಂಯ್‌ಗುಡುತ್ತದೆ ಅಂತ ಹೇಳಿದ್ದು ಬರೀ ಸುಳ್ಳು.

ಕಡೆಗೆ ಧೈರ್ಯ ಮಾಡಿ ನಿಜವಾದದ್ದನ್ನು ಹೇಳಿದೆ. ನನ್ನ ತಂಗಿ ಗಂಗವ್ವ ರಾಮದುರ್ಗದಲ್ಲಿ ಹಾಸಿಗೆ ಹಿಡಿದಿದ್ದಾಳೆ. ಜಾರಿ ಬಿದ್ದವಳು ಮತ್ತೆ ಎದ್ದಿಲ್ಲ. ನನಗೂ ಆಕೆಗೂ ಉಳಿದ ದಿವಸ ಬಹಳಿಲ್ಲ. ಶೇಂಗಾದ ಹೋಳಿಗೆ, ಕಟಕು ರೊಟ್ಟಿಯ ಬುತ್ತಿ ಕಟ್ಟಿಕೊಂಡು ಹೋಗಿ ಆಕೆಯ ಮಗ್ಗುಲಲ್ಲಿ ಒಂದು ದಿನ ಕುಳಿತು ಬರಬೇಕು. ಸವದತ್ತಿಗೆ ಹೋಗಿ ಬಸ್ಸು ಬದಲಿಸಬೇಕು. ಹೆಂಗಸರಿಗೆ ಟಿಕೀಟು ಪುಕ್ಕಟೆ ಆದಾಗಿನಿಂದ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ, ಅದು ಬೇರೆ ಮಾತು. ಆ ಮೊದಲ ಮೆಟ್ಟಿಲು ನನ್ನ ಸೊಂಟಕ್ಕೆ ಬರುತ್ತದೆ. ಹೋದ ಸಲ ನಾನು ಒಂದು ಕಾಲು ಎತ್ತಿ ನಿಂತಾಗ ಕಂಡಕ್ಟರ್, "ಅಜ್ಜೀ, ಹತ್ತತಿಯೋ ಇಳೀತಿಯೋ?" ಅಂದ. ಬಗಲಲ್ಲಿ ಬುತ್ತಿ, ಹಿಂದೆ ಮಂದಿ. ಮನೆಗೆ ವಾಪಸು ಬಂದೆ, ಹೋಳಿಗೆ ನಾವೇ ತಿಂದೆವು.

"ಆ ಮೆಟ್ಟಲಾ ಏರೂಮುಂದ ಯಾರರ ಕೈ ಹಿಡದ್ರ ಸಾಕ ನೋಡಪಾ" ಅಂದೆ. ಇದಕ್ಕಿಂತ ಬಿಡಿಸಿ ಹೇಗೆ ಹೇಳಬೇಕು? ಈರಣ್ಣ ಜಿಗಿದೆದ್ದ. "ಸಿಕ್ತವ್ವಾ! ಇದ ನೋಡು ಧಂದೆ!" ಅಂದವನೇ ಅಂಗಡಿಗೆ ಓಡಿದ.

ಮೂರನೇ ದಿನ ಮಣೆ ಬಂತು. ನೆಲಕ್ಕಿಟ್ಟು ಅದರ ಮೇಲೆ ಕಾಲಿಟ್ಟು ಬಸ್ಸು ಹತ್ತುವುದು, ಆಮೇಲೆ ಅದಕ್ಕೆ ಕಟ್ಟಿದ ಹಗ್ಗ ಹಿಡಿದು ಮೇಲಕ್ಕೆ ಎಳೆದುಕೊಳ್ಳುವುದು. ವಿಚಾರವೇನೋ ಸರಿ. ಆದರೆ ಹುಟ್ಟಿದಾಗಿನಿಂದ ಕಬ್ಬಿನ ಟ್ರೇಲರಿಗೆ ಬೆಸೆದ ಕೈ ಅದು. ಟ್ರೇಲರಿನ ಕಬ್ಬಿಣವನ್ನೇ ಹಾಕಿಬಿಟ್ಟಿದ್ದಾನೆ! ಅದರ ಮೇಲೆ ಎತ್ತು ನಿಂತರೂ ಅಲುಗುತ್ತಿರಲಿಲ್ಲ, ನಾನು ಎಳೆದರೂ ಅಲುಗಲಿಲ್ಲ. ಸುವರ್ಣಾ ಒಂದು ಸುತ್ತು ಹಾಕಿ ನೋಡಿದಳು. "ಏನ್ರೀ, ಇದನ್ನ ಎತ್ತಾಕ ಒಬ್ಬರು ಜೋಡಿ ಹೋಗಬೇಕು. ಅವರು ಅತ್ತಿನ್ನ ಎತ್ತಿದ್ರ ಆತಲ್ಲ?" ಅಂದಳು. ಆಕೆಗೂ ನನಗೂ ಬಹಳ ಕೂಡುವುದಿಲ್ಲ, ಆದರೆ ಅವತ್ತು ಆಕೆಗೆ ಹೂವು ತಂದುಕೊಟ್ಟೆ.

ಮಗ ಸೋಲಲಿಲ್ಲ. ತೆಳು ಪೈಪಿನಲ್ಲಿ ಮಡಚುವಂಥದ್ದು ಮಾಡಿದ, ಹಸಿರು ಬಣ್ಣ ಹೊಡೆದ. ಅದು ಚೀಲದಲ್ಲಿ ಹಿಡಿಯಿತು, ಚಲೋನೂ ಇತ್ತು. ಚಲೋ ಇದ್ದದ್ದೇ ನನಗೆ ಮುಳುವಾಯಿತು. ನನ್ನನ್ನು ಅಂಗಳದಲ್ಲಿ ನಿಲ್ಲಿಸಿ, ಮಣೆ ಏರಿಸಿ, ಇಳಿಸಿ, ಮೊಬೈಲಿನಲ್ಲಿ ಚಿತ್ರ ತೆಗೆದ. "ಅವ್ವಾ, ಸ್ವಲ್ಪ ನಗು" ಅಂದ. ನಗಲಿಲ್ಲ. ಅದು ಇನ್ನೂ ಚಲೋ ಆಯಿತಂತೆ, ತ್ರಾಸು ಮುಖದಲ್ಲೇ ಕಾಣುತ್ತದಂತೆ. ಅದನ್ನು ಮೊಬೈಲಿನಲ್ಲೇ ಊರೂರಿಗೆ ಹರಿಬಿಟ್ಟ. ಕಿತ್ತೂರಿನಿಂದ, ಉಗರಗೋಳದಿಂದ ಫೋನು ಬಂದವು. ಉಗರಗೋಳದ ಅಂಗಡಿಯವನಂತೂ ಎಲ್ಲಮ್ಮನ ಗುಡ್ಡಕ್ಕೆ ಬರುವ ಭಕ್ತರಿಗೆ ಮಾರುತ್ತೇನೆ ಅಂತ ಗಾಡಿ ತಂದು ತುಂಬಿಕೊಂಡು ಹೋದ. ಮಗ ಸಂಜೆಗೆ ನನ್ನ ಮುಂದೆ ಕುಳಿತುಕೊಳ್ಳುವುದು ನಿಂತಿತು. ಕಿವಿಯ ಗುಂಯ್‌ಗುಡುವಿಕೆ ಹೆಚ್ಚಾಗಿದೆ ಅಂತ ಒಂದು ಸಲ ಕೂಗಿ ನೋಡಿದೆ. "ಗುಳಿಗಿ ತಗೋ ಅವ್ವಾ" ಅಂತ ಹೊರಗಿನಿಂದಲೇ ಉತ್ತರ ಬಂತು.

ಒಂದು ರಾತ್ರಿ ಉಣ್ಣುವಾಗ ಮತ್ತೆ ಕೇಳಿದೆ, "ಈರ್‍ಯಾ, ಗಂಗವ್ವನ ಕಡೆ ಯಾವಾಗ ಹೋಗೂಣು?" ಅವನು ರೊಟ್ಟಿ ಮುರಿಯುತ್ತ ಅಂದ, "ಹೋಗೂಣು ಯಾಕವಾ? ಈಗ ನಿನಗ ಯಾರೂ ಬೇಕಾಗಿಲ್ಲ. ಮಣಿ ಐತಲ್ಲ, ಒಬ್ಬಾಕಿನ ಹೋಗಿ ಬಾ. ಮಂದಿ ನೋಡತಾರ, ಅದೂ ಒಂದು ಜಾಹೀರಾತ ಆಗತೈತಿ." ನನ್ನ ಹತ್ತಿರ ಇದ್ದದ್ದೇ ಒಂದು ಮೆಟ್ಟಿಲು, ಮಗನನ್ನು ಜೊತೆಗೆ ಕರೆಯಲಿಕ್ಕೆ. ಅದನ್ನೂ ತಗ್ಗು ಮಾಡಿಬಿಟ್ಟ.

ಮರುದಿನ ಮುಂಜಾನೆ ಸಿಟ್ಟಿನಲ್ಲೇ ಬುತ್ತಿ ಕಟ್ಟಿ, ಮಣೆ ಹಿಡಿದು, ಯಾರಿಗೂ ಹೇಳದೆ ಸ್ಟ್ಯಾಂಡಿಗೆ ಹೋದೆ. ಸವದತ್ತಿ ಬಸ್ಸು ಬಂತು. ನಾನು ಮಣೆ ಬಿಚ್ಚಬೇಕು, ಅಷ್ಟರಲ್ಲಿ ನನಗಿಂತ ಮುದುಕಿ ಒಬ್ಬಳು, ಗುಡ್ಡಕ್ಕೆ ಹೊರಟವಳು, ನನ್ನ ಕಡೆ ಕೈ ಚಾಚಿದಳು. "ಯವ್ವಾ, ಒಂದೀಟ ಕೈ ಹಿಡಿ."

ನಾನು ಕೈ ಕೊಡಲಿಲ್ಲ. ಮಣೆ ಬಿಚ್ಚಿ ಆಕೆಯ ಮುಂದಿಟ್ಟೆ, ಹಗ್ಗದ ತುದಿ ಆಕೆಯ ಕೈಗೆ ಕೊಟ್ಟೆ. "ಇದರ ಮ್ಯಾಲ ಕಾಲಿಟ್ಟ ಏರು, ಆಮ್ಯಾಲ ಎಳಕೋ" ಅಂತ ಕಲಿಸಿದೆ. ಏರಿದಳು, ಎಳೆದುಕೊಂಡಳು, ಬಾಗಿಲಲ್ಲೇ ನಿಂತು ಮಣೆಯನ್ನು ತಿರುವಿ ತಿರುವಿ ನೋಡಿದಳು. "ಅಯ್ಯ, ಎಷ್ಟ ಚಲೋ ಐತಲ್ಲ! ಎಲ್ಲಿ ಸಿಗತೈತಿ?" ಅಂದಳು.

ನಾನು ಬುತ್ತಿ ಕೆಳಗಿಟ್ಟು ಎರಡೂ ಕೈಯಿಂದ ದಾರಿ ತೋರಿಸಿದೆ. ಹಿಂಗ ಹೋಗಿ ಎಡಕ್ಕೆ ಹೊರಳು, ಈರಣ್ಣನ ವೆಲ್ಡಿಂಗ್ ಅಂಗಡಿ ಅಂತ ಕೇಳು, ಅವರ ಅವ್ವ ಕಳಿಸ್ಯಾಳ ಅನ್ನು, ಸೋವಿ ಹಚ್ಚಿ ಕೊಡತಾನ. ಹೇಳುತ್ತಲೇ ಇದ್ದೆ. ಕಂಡಕ್ಟರ್ ಸೀಟಿ ಊದಿದ, ಬಸ್ಸು ಹೊರಟೇಬಿಟ್ಟಿತು. ನಾನೂ ಬುತ್ತಿಯೂ ಸ್ಟ್ಯಾಂಡಿನಲ್ಲೇ ಉಳಿದೆವು. ಮಣೆ ಎಲ್ಲಮ್ಮನ ಗುಡ್ಡಕ್ಕೆ ಹೋಯಿತು.