ಪೊರ್ಬುಗಳ ಕಾರಿನ ಬಿಸಿಗಾಳಿ

ಕೆಟ್ಟ ಗಾಡಿಗಳು ನನಗೆ ಊಟ ಕೊಟ್ಟವು, ಅವುಗಳ ಯಜಮಾನರು ನಗು ಕೊಟ್ಟರು. ಉಡುಪಿಯಲ್ಲಿ ಗ್ಯಾರೇಜು ಇಟ್ಟುಕೊಂಡವನಿಗೆ ನಗಲಿಕ್ಕೆ ಬೇರೆಲ್ಲೂ ಹೋಗಬೇಕಾಗಿರಲಿಲ್ಲ, ಬಾಗಿಲು ತೆರೆದರೆ ಸಾಕಿತ್ತು. ಐವತ್ತರ ದಶಕ ಮುಗಿದು ಅರವತ್ತು ಹಿಡಿದ ಆ ಕಾಲದಲ್ಲಿ ಊರಲ್ಲಿ ಕಾರುಗಳೇ ಕಡಿಮೆ. ಇದ್ದ ಕಾರುಗಳದ್ದೆಲ್ಲ ಒಂದೇ ದೂರು: "ಇಂಜಿನ್ ಬಿಸಿಯಾಗುತ್ತದೆ." ನಾನೂ ನನ್ನ ಹೆಂಡತಿಯ ಅಣ್ಣನೂ ಸೇರಿ ಗ್ಯಾರೇಜು ನಡೆಸುತ್ತಿದ್ದೆವು. ಆ ದೂರು ಕೇಳಿ ಕೇಳಿ ಭಾವನಿಗೆ ಬೋನೆಟ್ ತೆರೆಯುವ ಮೊದಲೇ ಉತ್ತರ ಬಾಯಿಗೆ ಬರುತ್ತಿತ್ತು. ಹಾಗಿರುವಾಗ ಒಂದು ದಿನ, ಬಿಸಿ ಸಾಲದು ಎಂದು ಒಂದು ಕಾರು ಬಂತು.

ಇಡ್ಲಿಯ ಗಲಾಟೆ

ಕಾರು ಕಾಪುವಿನ ಪೊರ್ಬುಗಳದ್ದು. ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಯಜಮಾನರನ್ನು ನಮ್ಮ ಕಡೆ ಪೊರ್ಬು ಎಂದೇ ಕರೆಯುವುದು, ಅವರ ಹೆಂಡತಿಯನ್ನು ಬಾಯಮ್ಮ ಎನ್ನುವುದು. ಈ ಪೊರ್ಬುಗಳು ಘಟ್ಟದ ಮೇಲೆ ಕಾಫಿ ತೋಟದಲ್ಲಿ ಮ್ಯಾನೇಜರ್ ಆಗಿದ್ದವರು. ತೋಟದ ದೊರೆ ಸ್ವದೇಶಕ್ಕೆ ಹೊರಟಾಗ ತನ್ನ ಕಾರನ್ನು ಇವರಿಗೇ ಬಿಟ್ಟು ಹೋಗಿದ್ದ. ಅದರಲ್ಲಿ ಒಂದು ಹೀಟರ್ ಇತ್ತು. ಬಾಯಮ್ಮನಿಗೆ ಮೊಣಕಾಲು ನೋವು, ತಂಪು ಗಾಳಿ ತಾಗಿದರೆ ಕಾಲು ಮಡಚಲಿಕ್ಕೆ ಆಗುತ್ತಿರಲಿಲ್ಲ. ಆಗ ಹೊಳೆಗಳಿಗೆ ಸೇತುವೆ ಕಡಿಮೆ. ಮಂಗಳೂರಿಗೆ ಹೋಗುವುದಿದ್ದರೆ ಎರಡು ದೋಣಿ ಕಟ್ಟಿದ ಜಂಗಲ್ ಮೇಲೆ ಕಾರು ಹತ್ತಿಸಿ ಹೊಳೆ ದಾಟಬೇಕು. ಜಂಗಲ್ ಆ ದಡದಿಂದ ಬರುವವರೆಗೆ ಮಳೆಯಲ್ಲಿ ಕಾಯಬೇಕು. ಆ ಹೊತ್ತಿಗೇ ಹೀಟರ್ ಕೈಕೊಡುತ್ತಿತ್ತು.

ಪೊರ್ಬುಗಳಿಗೆ ಕಿವಿ ಸ್ವಲ್ಪ ಮಂದ. ಹಾಗಾಗಿ ಮಾತು ಜೋರು. ರಸ್ತೆಯಲ್ಲಿಯೇ ನಿಂತು ಘೋಷಿಸಿದರು:

"ರನ್ನಿಂಗಲ್ಲಿ ಬಿಸಿ ಉಂಟು! ಐಡ್ಲಿಂಗಲ್ಲಿ ತಣ್ಣಗೆ! ಪೂರಾ ತಣ್ಣಗೆ!"

ನಮ್ಮ ಪಕ್ಕದಲ್ಲಿಯೇ ಒಬ್ಬ ಭಟ್ಟರ ಹೋಟೆಲು. ಭಟ್ಟರು ಸೌಟು ಹಿಡಿದುಕೊಂಡೇ ಹೊರಗೆ ಬಂದರು.

"ಯಾರು ಹೇಳಿದ್ದು? ಇಡ್ಲಿ ತಣ್ಣಗೆ ಎಂದು ಯಾರು ಹೇಳಿದ್ದು? ಈಗ ತಾನೇ ಒಲೆಯಿಂದ ಇಳಿಸಿದ್ದೇನೆ!"

"ನಿಂತಾಗ ತಣ್ಣಗಾಗುತ್ತದೆ ಭಟ್ಟರೇ," ಎಂದು ಪೊರ್ಬುಗಳು ಅವರಿಗೂ ವಿವರಿಸಿದರು.

"ನಿಂತು ತಿಂದರೂ ಬಿಸಿಯೇ, ಕೂತು ತಿಂದರೂ ಬಿಸಿಯೇ!" ಎಂದು ಭಟ್ಟರು ಒಳಗೆ ಹೋಗಿ ಒಂದು ತಟ್ಟೆ ತಂದು ಬೋನೆಟ್ ಮೇಲೆ ಇಟ್ಟರು. ಇಡ್ಲಿ ಹಬೆಯಾಡುತ್ತಿತ್ತು. ನಾನು ಮಧ್ಯೆ ಬಾಯಿ ಹಾಕಬೇಕೆಂದು ಹೊರಟರೆ ಭಾವ ನನ್ನ ಕೈ ಹಿಡಿದು ನಿಲ್ಲಿಸಿದ. ಪೊರ್ಬುಗಳು ನಿಧಾನವಾಗಿ, ಚಟ್ನಿ ಸಮೇತ, ಪೂರ್ತಿ ತಿಂದರು. ಕೈ ತೊಳೆದು ನನ್ನ ಕಡೆ ತಿರುಗಿದರು.

"ಇದು ಸರಿ ಉಂಟು. ಇನ್ನು ನೀವು ಕಾರು ನೋಡಿ."

ಕಾರ್ಕಳದ ದಾರಿಯಲ್ಲಿ

ಓಡುವಾಗ ಬಿಸಿ, ನಿಂತಾಗ ತಣ್ಣಗೆ ಎಂದರೆ ಓಡಿಸಿಯೇ ನೋಡಬೇಕಲ್ಲ. ನಾನು ಕಾರು ಬಿಟ್ಟೆ, ಭಾವ ಪಕ್ಕದಲ್ಲಿ ಕೂತು ಗಾಳಿ ಬರುವ ಬಾಯಿಗೆ ಅಂಗೈ ಒಡ್ಡಿದ. ಹೊರಗಿನ ಗಾಳಿ ಸೇರಿದರೆ ಲೆಕ್ಕ ತಪ್ಪುತ್ತದೆ ಎಂದು ಕಿಟಕಿಗಳನ್ನೆಲ್ಲ ಮುಚ್ಚಿದೆವು. ತಿಂಗಳು ಏಪ್ರಿಲ್. ನಮ್ಮ ಊರಿನ ಏಪ್ರಿಲ್ ಹೇಗೆ ಎಂದು ಗೊತ್ತಿದ್ದವರು ಇಲ್ಲಿಯೇ ಒಮ್ಮೆ ಮುಖ ಒರೆಸಿಕೊಳ್ಳಿ.

"ಬಂತಾ?" ಎಂದು ನಾನು ಕೇಳುವುದು.

"ಬಂತು, ಬಂತು! ಒಳ್ಳೆ ಬಿಸಿ!" ಎಂದು ಅವನು ಸಂತೋಷದಲ್ಲಿ ಹೇಳುವುದು.

ಕಾರ್ಕಳ ಮುಟ್ಟುವಾಗ ಇಬ್ಬರ ಅಂಗಿಯೂ ಹಿಂಡುವ ಹಾಗೆ ಆಗಿತ್ತು. ಬಸ್ಸು ನಿಲ್ಲುವ ಜಾಗದಲ್ಲಿ, ಇಂಜಿನ್ ಆರಿಸದೆ ಕಾರು ನಿಲ್ಲಿಸಿದೆ. ಸ್ವಲ್ಪ ಹೊತ್ತಿಗೆ ಭಾವನ ಮುಖ ಬಾಡಿತು.

"ಹೋಯಿತು ಮಾರಾಯ. ತಣ್ಣಗಾಯಿತು."

ನನಗೂ ಬೇಸರವಾಯಿತು. ಇಬ್ಬರೂ ತಲೆ ತಗ್ಗಿಸಿ ಕೂತೆವು. ಅಷ್ಟರಲ್ಲಿ ನಮ್ಮ ಪರಿಚಯದ ಒಬ್ಬ ಬಸ್ ಕಂಡಕ್ಟರ್ ಗಾಜು ತಟ್ಟಿದ.

"ಎಂತ ಇದು? ಕಿಟಕಿ ತೆಗೆಯಬಾರದಾ?"

"ಬೇಡ ಮಾರಾಯ," ಎಂದೆ, "ಇದ್ದ ಬಿಸಿಯೂ ಹೋಗುತ್ತದೆ."

ಅವನು ಓಡಿಹೋಗಿ ಎರಡು ಬೊಂಡ ಕೆತ್ತಿಸಿ ತಂದು, ಬಾಗಿಲು ತಾನೇ ತೆಗೆದು, ಒಂದನ್ನು ನನ್ನ ಕೈಗೆ ಇಟ್ಟ. ಆ ಎಳನೀರಿನ ಋಣ ನಾನು ಇವತ್ತಿಗೂ ಮರೆತಿಲ್ಲ. ನಾನು ಕುಡಿಯುತ್ತಿರುವಾಗ ಅವನು ಭಾವನನ್ನು ಆಚೆ ಕರೆದು ಮೆಲ್ಲಗೆ ಕೇಳಿದ್ದು ಮಾತ್ರ ನನಗೂ ಕೇಳಿಸಿತು:

"ಇವರಿಗೆ ಇದು ಯಾವಾಗ ಶುರುವಾದದ್ದು?"

ಮಲ್ಪೆಯಿಂದ ಬಂದ ತಜ್ಞರು

ಹೀಟರ್ ಬಿಚ್ಚಿ ನೋಡಿದ್ದು ನಾನು ಅದೇ ಮೊದಲು. ಒಳಗೆ ಒಂದು ಸಣ್ಣ ರೇಡಿಯೇಟರ್ ಇರುತ್ತದೆ. ಇಂಜಿನಿನ ಬಿಸಿನೀರು ಒಂದು ಪೈಪಿನಲ್ಲಿ ಅದರೊಳಗೆ ಹೋಗಿ ಇನ್ನೊಂದರಲ್ಲಿ ಹಿಂದೆ ಬರುತ್ತದೆ, ಹಿಂದಿನಿಂದ ಒಂದು ಫ್ಯಾನು ಗಾಳಿ ಊದುತ್ತದೆ. ಅಷ್ಟೇ. ಫ್ಯಾನು ಸರಿ ಇತ್ತು. ಮತ್ತೆ ಎಂತ?

"ತಣ್ಣಗಾಗುವ ವಿಷಯ ಗೊತ್ತಿರುವವರನ್ನೇ ಕೇಳುವ," ಎಂದ ಭಾವ. ಮಲ್ಪೆಯ ಒಂದು ಐಸ್ ಪ್ಲಾಂಟಿನಲ್ಲಿ ಯಂತ್ರ ನೋಡಿಕೊಳ್ಳುವ ಹಿರಿಯರೊಬ್ಬರನ್ನು ಕರೆದುಕೊಂಡು ಬಂದ. ಅವರು ಕಾರಿನಲ್ಲಿ ಕೂತು, ಕಣ್ಣು ಮುಚ್ಚಿ, ಗಾಳಿಗೆ ಕೈ ಹಿಡಿದರು. ಬಹಳ ಹೊತ್ತು ಹಿಡಿದರು. ನಾವು ಉಸಿರು ಬಿಗಿಹಿಡಿದು ಕಾದೆವು. ಆಮೇಲೆ ಅವರು ಬೋನೆಟ್ ಕಡೆಗೆ ಬಂದು ಎರಡು ಪೈಪನ್ನೂ ಮುಟ್ಟಿದರು.

"ಹೋಗುವ ಪೈಪು ಬಿಸಿ ಉಂಟು, ಬರುವ ಪೈಪು ತಣ್ಣಗಿದೆ. ನೀರು ಒಳಗೆ ತಿರುಗುವುದಿಲ್ಲ ನೋಡಿ."

ಎಷ್ಟು ಸರಳ! ನನಗೆ ಅದು ಹೊಳೆದೇ ಇರಲಿಲ್ಲ. ಕೈ ಮುಗಿದು, "ದೊಡ್ಡ ಉಪಕಾರ ಮಾಡಿದಿರಿ, ಇನ್ನು ಸರಿ ಮಾಡುತ್ತೇನೆ," ಎಂದೆ.

ಹಿರಿಯರಿಗೆ ಗಾಬರಿಯಾಯಿತು.

"ಸರಿ ಮಾಡುವುದಾ? ಯಾಕೆ? ನಾವು ಅಷ್ಟು ದೊಡ್ಡ ಯಂತ್ರ ಇಟ್ಟು ತಣ್ಣಗೆ ಮಾಡುವುದು, ಇದು ಸುಮ್ಮನೆ ನಿಂತು ಮಾಡುತ್ತದೆ. ಹಾಗೆಯೇ ಬಿಡಿ, ಮೀನು ಸಾಗಿಸಬಹುದು!"

ಬಾಯಮ್ಮನ ಕಿವಿ

ಸಣ್ಣ ರೇಡಿಯೇಟರಿಗೆ ಒತ್ತಿ ನೀರು ಬಿಟ್ಟು ತೊಳೆದೆ. ಕೆಂಪು ಕೆಸರು ಬಂತು. ಇದೇ ರೋಗ ಎಂದು ಧೈರ್ಯದಿಂದ ಕಾರು ಕಳುಹಿಸಿಕೊಟ್ಟೆ. ಮರುವಾರ ಪೊರ್ಬುಗಳು ಮತ್ತೆ ಬಂದರು. ಈ ಸಲ ಬಾಯಮ್ಮನೂ ಜೊತೆಗಿದ್ದರು. ಬೈಯಲಿಕ್ಕೆ ಬಂದಿರಬೇಕು ಎಂದುಕೊಂಡೆ. ಅವರು ಕೈಯಲ್ಲಿ ಬಾಳೆಲೆಯಲ್ಲಿ ಕಟ್ಟಿದ 'ಸಣ್ಣ' ಎಂಬ, ಇಡ್ಲಿಯಂಥ ಅಕ್ಕಿಯ ತಿಂಡಿ ತಂದಿದ್ದರು. ಉಬ್ಬಿದ, ಬಿಳಿಯ, ಮೆತ್ತನೆಯ ಸಣ್ಣ. ಕೆಲಸ ಆಗದಿದ್ದರೂ ತಿಂಡಿ ತಂದು ಕೊಟ್ಟ ಗಿರಾಕಿಯನ್ನು ನಾನು ಬೇರೆ ಕಂಡಿಲ್ಲ.

ನಾನು ಪುನಃ ಬೋನೆಟ್ ಒಳಗೆ ತಲೆ ಹಾಕಿದಾಗ ಬಾಯಮ್ಮ ಹೇಳಿದರು, "ಮಿಸ್ತ್ರಿಗಳೇ, ನಾನೊಂದು ಮಾತು ಹೇಳಲಾ?"

"ನೀನು ಸುಮ್ಮನೆ ಕೂತುಕೋ, ಇದು ಇಂಜಿನಿನ ವಿಷಯ," ಎಂದರು ಪೊರ್ಬುಗಳು.

"ಇಂಜಿನಿನದ್ದಲ್ಲ, ಹೊಟ್ಟೆಯ ವಿಷಯ," ಎಂದರು ಬಾಯಮ್ಮ. "ತಿರುವು ಬಂದಾಗ, ಏರು ಬಂದಾಗ, ನನ್ನ ಮೊಣಕಾಲಿನ ಹತ್ತಿರ ಗುಳುಗುಳು ಗುಳುಗುಳು ಎಂದು ಶಬ್ದ ಉಂಟು. ಹಲಸಿನ ಹಣ್ಣು ತಿಂದ ಹೊಟ್ಟೆಯ ಹಾಗೆ."

ನನ್ನ ಕೈಯಿಂದ ಸ್ಪ್ಯಾನರ್ ಜಾರಿತು. ನೀರು ತುಂಬಿದ ಪೈಪು ಗುಳುಗುಳು ಎನ್ನುವುದಿಲ್ಲ. ಒಳಗೆ ಗಾಳಿ ಸೇರಿದರೆ ಮಾತ್ರ ಹಾಗೆ ಆಗುತ್ತದೆ. ಎಲ್ಲೋ ನೀರು ಕಡಿಮೆಯಾಗಿ ಆ ಜಾಗಕ್ಕೆ ಗಾಳಿ ಹೊಕ್ಕಿದೆ. ಕಾರು ಓಡುವಾಗ ಪಂಪು ಜೋರಾಗಿ ತಿರುಗಿ ಹೇಗೋ ನೀರನ್ನು ದೂಡುತ್ತದೆ, ನಿಂತಾಗ ಪಂಪಿಗೆ ಬಲ ಸಾಲದು, ಗಾಳಿ ಅಡ್ಡ ಕೂತು ನೀರನ್ನು ಬಿಡುವುದಿಲ್ಲ. ಟಾರ್ಚು ಹಾಕಿ ಹುಡುಕಿದೆ. ಇಂಜಿನಿನ ಹಿಂದೆ, ಕಣ್ಣಿಗೆ ಬೀಳದ ಕಡೆ, ರಬ್ಬರ್ ಪೈಪಿನಲ್ಲಿ ಕೂದಲಿನಂಥ ಬಿರುಕು. ಅಲ್ಲಿ ಜಿನುಗಿದ ನೀರು ಇಂಜಿನಿನ ಕಾವಿಗೆ ಅಲ್ಲಿಯೇ ಆರುತ್ತಿತ್ತು, ನೆಲಕ್ಕೆ ಒಂದು ಹನಿಯೂ ಬೀಳುತ್ತಿರಲಿಲ್ಲ.

"ಬಾಯಮ್ಮ, ನೀವು ನನ್ನ ಮಾನ ಉಳಿಸಿದಿರಿ!" ಎಂದೆ. "ಆದರೆ ಈ ಶಬ್ದದ ವಿಷಯ ಮೊದಲೇ ಹೇಳಬಾರದಿತ್ತಾ?"

ಬಾಯಮ್ಮ ಗಂಡನ ಕಡೆಗೊಮ್ಮೆ ನೋಡಿ ದನಿ ತಗ್ಗಿಸಿದರು.

"ಇಷ್ಟು ದಿನ ನಾನು ಇವರದ್ದೇ ಎಂದುಕೊಂಡಿದ್ದೆ."

ಮಣಿಪಾಲದ ಏರಿನಲ್ಲಿ

ಹೊಸ ಪೈಪು ಹಾಕಿದ್ದಾಯಿತು. ಒಳಗೆ ಸಿಕ್ಕಿಕೊಂಡ ಗಾಳಿ ಹೊರಗೆ ಹೋಗಬೇಕಲ್ಲ? ಗಾಳಿ ಮೇಲಕ್ಕೇ ಏರುವುದು. ಕಾರಿನ ಮೂತಿ ಮೇಲೆ ಮಾಡಿ ನಿಲ್ಲಿಸಿ, ರೇಡಿಯೇಟರಿನ ಮುಚ್ಚಳ ತೆಗೆದು, ಇಂಜಿನ್ ಚಾಲೂ ಮಾಡಿ ಸ್ವಲ್ಪ ಸ್ವಲ್ಪವೇ ನೀರು ಹೊಯ್ಯುತ್ತಿದ್ದರೆ ಗಾಳಿ ಗುಳ್ಳೆಗಳಾಗಿ ಹೊರಗೆ ಬರುತ್ತದೆ. ಒಳ್ಳೆಯ ಏರು ಬೇಕೆಂದರೆ ಮಣಿಪಾಲಕ್ಕೇ ಹೋಗಬೇಕು.

ಏರಿನ ಮಧ್ಯದಲ್ಲಿ ಕಾರು ನಿಲ್ಲಿಸಿ ಇಂಜಿನ್ ತಣಿಯಲಿಕ್ಕೆ ಬಿಟ್ಟೆವು. ಆಮೇಲೆ ಭಾವ ಒಳಗೆ ಬ್ರೇಕು ಹಿಡಿದು ಕೂತ, ನಾನು ಮುಂದೆ ನಿಂತು ಕೆಟಲಿನಿಂದ ನೀರು ಹೊಯ್ಯತೊಡಗಿದೆ. ಅಷ್ಟರಲ್ಲಿ ಮೆಡಿಕಲ್ ಓದುವ ಹುಡುಗರ ಒಂದು ಗುಂಪು ಬಂತು. ಏರಿನಲ್ಲಿ ನಿಂತ ಕಾರು, ತೆರೆದ ಬೋನೆಟ್. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಪುಸ್ತಕಗಳನ್ನು ಕಟ್ಟೆಯ ಮೇಲಿಟ್ಟು, ಕಾರಿನ ಹಿಂದೆ ಹೋಗಿ ದೂಡಿದರು. ನಾನೇ ಅವರನ್ನು ಕರೆದದ್ದು ಎಂದುಕೊಂಡು ಭಾವ ಬ್ರೇಕು ಬಿಟ್ಟ. ಕಾರು ನನ್ನ ಮೇಲೆಯೇ ಬರತೊಡಗಿತು. ನಾನು ಕೆಟಲು ಹಿಡಿದುಕೊಂಡು ಹಿಂದೆ ಹಿಂದೆ ನಡೆಯುತ್ತಾ "ಬೇಡ! ಬೇಡ!" ಎಂದು ಕೂಗಿದೆ. ಅವರಲ್ಲಿ ಕನ್ನಡ ಬರುವವರು ಒಬ್ಬರೂ ಇರಲಿಲ್ಲ. ನಾನು ಹುರಿದುಂಬಿಸುತ್ತಿದ್ದೇನೆ ಎಂದು ತಿಳಿದು ಇನ್ನೂ ಜೋರಾಗಿ ದೂಡಿದರು. ಗುಡ್ಡದ ತಲೆಯ ಮೇಲೆ ಸಮತಟ್ಟಿನಲ್ಲಿ ಕಾರು ನಿಲ್ಲಿಸಿ, ಬೆವರು ಒರೆಸಿಕೊಂಡು, ನನ್ನ ಕೈ ಕುಲುಕಿದರು. ಅಷ್ಟು ಒಳ್ಳೆಯ ಮಕ್ಕಳಿಗೆ ಎಂತ ಹೇಳುವುದು? "ಥ್ಯಾಂಕ್ಯೂ" ಎಂದೆ.

ಅವರು ಮರೆಯಾದ ಮೇಲೆ ಕಾರನ್ನು ಪುನಃ ಕೆಳಗೆ ತಂದು ನಿಲ್ಲಿಸಿದೆವು. ಇನ್ನೊಂದು ಗುಂಪು ಬಂತು. ಅವರೂ ಪುಸ್ತಕ ಕೆಳಗಿಟ್ಟರು.

"ಎಂತ ಮಾಡುವುದು ಮಾರಾಯ?" ಎಂದೆ. ಭಾವ ಹ್ಯಾಂಡ್ ಬ್ರೇಕು ಎಳೆದು, ಕಾರಿನಿಂದ ಇಳಿದು ಎರಡು ಕೈಯೂ ಎತ್ತಿ ಅವರನ್ನು ತಡೆದ. ತನಗೆ ಗೊತ್ತಿದ್ದ ಇಂಗ್ಲಿಷನ್ನೆಲ್ಲ ಒಟ್ಟುಮಾಡಿ, ರೇಡಿಯೇಟರ್ ತೋರಿಸಿ, ಹೊಟ್ಟೆ ಸವರಿಕೊಂಡು ಹೇಳಿದ: "ಗ್ಯಾಸ್ ಟ್ರಬಲ್."

ಹುಡುಗರಿಗೆ ಒಮ್ಮೆಲೇ ಅರ್ಥವಾಯಿತು. ಭಾವ ಇಂಜಿನ್ ಚಾಲೂ ಮಾಡಿದ, ಎಲ್ಲರೂ ಗಂಭೀರವಾಗಿ ರೇಡಿಯೇಟರಿನ ಸುತ್ತ ನಿಂತು ಗುಳ್ಳೆ ನೋಡತೊಡಗಿದರು. ಕೆಲವರು ಸರದಿಯಲ್ಲಿ ನೀರು ತಂದರು, ಒಬ್ಬ ಒಳಗೆ ಕೂತು ಗಾಳಿ ಬಿಸಿಯಾಯಿತೇ ಎಂದು ನೋಡಿದ. ಕೊನೆಗೆ 'ಡುಳುಕ್' ಎಂದು ದೊಡ್ಡದೊಂದು ಗುಳ್ಳೆ ಎದ್ದಿತು, ಒಳಗಿದ್ದವನು "ಹಾಟ್! ಹಾಟ್!" ಎಂದು ಕೂಗಿದ. ಕಾರು ನಿಂತಲ್ಲಿಯೇ ಬಿಸಿಗಾಳಿ ಊದುತ್ತಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಕಣ್ಣು ತುಂಬಿ ಬಂತು.

ಭಾವ ಮಾತ್ರ ಕಾರು ಇಳಿಸುವಾಗ ಯೋಚನೆಯಲ್ಲಿದ್ದ. "ಮೊದಲು ಬಂದ ಹುಡುಗರು ಬೇರೆ ಯಾವ ಕೆಲಸಕ್ಕಾದರೂ ಹೋಗಲಿ ಮಾರಾಯ," ಎಂದ. "ಎಂತ ರೋಗ ಎಂದು ಕೇಳದೆಯೇ ಕೈ ಹಾಕುವವರು."

ಆಟಿಯ ಮಳೆ

ಆಟಿ ತಿಂಗಳು, ಬಿಡದ ಮಳೆ. ಮಟ್ಟುವಿನಲ್ಲಿ ಕೆಟ್ಟುನಿಂತ ಒಂದು ನೀರಿನ ಪಂಪು ನೋಡಿ ಬರುವಾಗ ಕಾಪುವಿಗೆ ಹೋಗಿ ಪೊರ್ಬುಗಳನ್ನು ಕಂಡು ಬರುವ ಎಂದು ನಾನೂ ಭಾವನೂ ಹೊರಟೆವು. ಅಂಗಳದ ಮಾಡಿನ ಕೆಳಗೆ ಕಾರು ಇತ್ತು, ಇಂಜಿನ್ ಚಾಲೂ ಇತ್ತು. ಎಲ್ಲಿಗೋ ಹೊರಟಿದ್ದಾರೆ, ಇನ್ನೊಮ್ಮೆ ಬರುವ ಎಂದು ತಿರುಗಿದೆವು.

ಜಗಲಿಯಿಂದ ಬಾಯಮ್ಮ ಕೂಗಿದರು: "ಬನ್ನಿ ಬನ್ನಿ! ಯಾರೂ ಹೊರಟಿಲ್ಲ. ಬಟ್ಟೆ ಒಣಗುತ್ತಾ ಉಂಟು!"

ಗಾಜಿನೊಳಗೆ ನೋಡಿದೆ. ಕಾರಿನೊಳಗೆ ಆ ಕಡೆಯಿಂದ ಈ ಕಡೆಗೆ ಹಗ್ಗ, ಹಗ್ಗದ ತುಂಬ ಪುಟ್ಟ ಪುಟ್ಟ ಬಟ್ಟೆ. ಮಗಳು ಬಾಣಂತನಕ್ಕೆ ಬಂದಿದ್ದಳು. ಮಗು ಸಣ್ಣದು, ತೂಕ ಕಡಿಮೆ, ಒದ್ದೆ ಬಟ್ಟೆಯಿಂದ ಶೀತ ಹಿಡಿದು ಒಂದು ವಾರ ಹಾಲನ್ನೇ ಮುಟ್ಟಿರಲಿಲ್ಲವಂತೆ. ಒಲೆಯ ಮೇಲೆ ಒಣಗಿಸಿದರೆ ಹೊಗೆಯ ವಾಸನೆಗೆ ಕೆಮ್ಮು. ಮನೆಯವರೆಲ್ಲ ಹೆದರಿ ಹೋಗಿದ್ದಾಗ ಬಾಯಮ್ಮನಿಗೆ ಕಾರು ನೆನಪಾಯಿತು. ಈಗ ಮಗು ಮನೆಯೊಳಗೆ ಬೆಚ್ಚಗೆ ಮಲಗಿತ್ತು, ಕೆನ್ನೆ ತುಂಬಿಕೊಂಡಿತ್ತು.

"ನಿಮ್ಮ ಹೊಟ್ಟೆ ತಣ್ಣಗಿರಲಿ," ಎಂದರು ಬಾಯಮ್ಮ, ನನ್ನ ಎಣ್ಣೆಯ ಕೈಗಳನ್ನು ಹಿಡಿದುಕೊಂಡು. ಅಷ್ಟು ವರ್ಷ ಗಾಡಿ ರಿಪೇರಿ ಮಾಡಿದ್ದಕ್ಕೆ ಸಾರ್ಥಕವಾಯಿತು ಎನ್ನಿಸಿತು.

"ನಿಮಗೆ ಸಂತೋಷ, ನನಗೆ ಮಾತಾಡಲಿಕ್ಕೆ ಜನ ಇಲ್ಲ," ಎಂದು ಪೊರ್ಬುಗಳು ದೊಡ್ಡ ದನಿಯಲ್ಲಿ ಗೊಣಗಿದರು. "ಬಂದವರೆಲ್ಲ ಕಾರಿನ ಶಬ್ದ ಕೇಳಿ, ನಾವು ಹೊರಟಿದ್ದೇವೆ ಎಂದು ಗೇಟಿನಿಂದಲೇ ವಾಪಸು ಹೋಗುತ್ತಾರೆ!"

"ಹೋಗಲಿ ಬಿಡಿ. ಬಾಣಂತಿಗೆ ನಿದ್ದೆ ಸಿಕ್ಕಿತು," ಎಂದರು ಬಾಯಮ್ಮ.

ಆಗ ಮನೆಯ ಒಳಗಿನಿಂದ ಒಬ್ಬರು ಜಗಲಿಗೆ ಬಂದರು. ಪೊರ್ಬುಗಳ ಮುಂಡು ಉಟ್ಟಿದ್ದರು, ಮೈಗೆ ಬಾಯಮ್ಮನ ಹೂವಿನ ಶಾಲು ಹೊದ್ದಿದ್ದರು, ಕೈಯಲ್ಲಿ ಬಿಸಿ ಕಾಫಿ. ಮನೆಯ ನೆಂಟರಿರಬೇಕು ಎಂದುಕೊಂಡೆ. ನೋಡಿದರೆ ಇಗರ್ಜಿಯ ಪಾದ್ರಿಗಳು! ಮಗುವನ್ನು ಆಶೀರ್ವದಿಸಲು ಬರುವಾಗ ಗದ್ದೆಯ ಬದುವಿನಲ್ಲಿ ಜಾರಿ ಬಿದ್ದಿದ್ದರಂತೆ. ಆಗ ಕಾರಿನ ಒಳಗೆ ಇನ್ನೊಮ್ಮೆ ಕಣ್ಣು ಹಾಯಿಸಿದೆ. ಪುಟ್ಟ ಬಟ್ಟೆಗಳ ಹಿಂದೆ, ಹಿಂದಿನ ಸೀಟಿನಲ್ಲಿ, ಅವರ ಉದ್ದನೆಯ ಬಿಳಿ ನಿಲುವಂಗಿ ತೋಳು ಚಾಚಿಕೊಂಡು ಗಂಭೀರವಾಗಿ ಕೂತಿತ್ತು.

ಗಂಟೆ ನೋಡಿದ ಪೊರ್ಬುಗಳು ಮರ್ಯಾದೆಗೆಂದು ಕೇಳಿದರು, "ಫಾದರ್, ಸಂಜೆಯ ಪ್ರಾರ್ಥನೆಗೆ ಹೊತ್ತಾಯಿತಲ್ಲ. ಹೊರಡುತ್ತೀರಾ?"

ಪಾದ್ರಿಗಳು ಕಾರಿನ ಕಡೆಗೊಮ್ಮೆ ನೋಡಿ, ಕಾಫಿ ಒಂದು ಗುಟುಕು ಕುಡಿದು ಹೇಳಿದರು:

"ಹೊರಡುವುದು ಹೇಗೆ ಪೊರ್ಬುಗಳೇ? ನಾನು ಇನ್ನೂ ಒಣಗಿಲ್ಲ!"