ಹುಣಸೆಹಣ್ಣಿನಲ್ಲಿ ನೆನೆದ ನಲವತ್ತು ತೋಟೆಗಳು

ಹಿತ್ತಾಳೆ ಬೆಳಗುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಭ್ರಮೆ ನನಗೆ ಬಹಳ ಕಾಲ ಇತ್ತು. ಮನುಷ್ಯನಿಗೆ ತನ್ನ ವೃತ್ತಿಯ ಬಗ್ಗೆ ಇಲ್ಲದ ಜಂಬ ಇಂಥ ಚಿಲ್ಲರೆ ವಿದ್ಯೆಗಳ ಬಗ್ಗೆ ಇರುತ್ತದೆ. ನೈರೋಬಿಯ ಶಾಲೆಯೊಂದರಲ್ಲಿ ಇಪ್ಪತ್ತು ವರ್ಷಗಳಿಂದ ಗಣಿತ ಕಲಿಸುತ್ತಿದ್ದೇನೆ. ಚೆನ್ನಾಗಿ ಕಲಿಸುತ್ತೇನೆಂದು ಎದೆ ತಟ್ಟಿ ಹೇಳುವ ಧೈರ್ಯ ಇಂದಿಗೂ ಬಂದಿಲ್ಲ. ಆದರೆ ದೀಪದ ಕಂಬದ ವಿಷಯ ಬೇರೆ. ಮೈಸೂರಿನ ನಮ್ಮ ಮನೆಯಲ್ಲಿ ಶುಕ್ರವಾರದ ಪೂಜೆಗೆ ಗುರುವಾರವೇ ಪಾತ್ರೆ ಬೆಳಗುವ ಕೆಲಸ, ಅಕ್ಕತಂಗಿಯರಿಲ್ಲ ಎಂಬ ಒಂದೇ ಕಾರಣಕ್ಕೆ, ನನ್ನ ಕೊರಳಿಗೆ ಬಿದ್ದಿತ್ತು. ಹುಣಸೆಹಣ್ಣು, ಉಪ್ಪು, ಒಂದು ಹಿಡಿ ತೆಂಗಿನ ನಾರು. ಉಜ್ಜಿದರೆ ಮೊದಲು ಕೆಂಪಗೆ ತಿರುಗಬೇಕು, ಆಮೇಲೆ ಬೂದಿ ಹಾಕಿ ತಿಕ್ಕಿದರೆ ಚಿನ್ನದಂತೆ ಹೊಳೆಯಬೇಕು. ಕೆಂಪಗಾಗದಿದ್ದರೆ ಅಮ್ಮ ಪಾತ್ರೆಯನ್ನು ವಾಪಸು ಕಳಿಸುತ್ತಿದ್ದಳು. ಈ ವಿದ್ಯೆಯೇ ಮುಂದೊಂದು ದಿನ ನನ್ನ ಮರ್ಯಾದೆ ತೆಗೆಯುತ್ತದೆಂದು ಆಗ ಯಾರಿಗೆ ಗೊತ್ತಿತ್ತು?

ವಿಷಯಕ್ಕೆ ಬರುತ್ತೇನೆ. ನೈರೋಬಿಯ ಕರೆನ್ ಬಡಾವಣೆಯಲ್ಲಿ ಡಾಕ್ಟರ್ ಲೋಬೋ ಎಂಬ ಹಿರಿಯರಿದ್ದಾರೆ. ಮಂಗಳೂರು ಕಡೆಯ ಕುಟುಂಬ, ಮನೆಯಲ್ಲಿ ಕೊಂಕಣಿ, ನಮ್ಮಂಥವರ ಜೊತೆ ಕನ್ನಡ. ಗುರಿ ಹೊಡೆಯುವವರ ಕ್ಲಬ್ಬೊಂದಕ್ಕೆ ನನ್ನನ್ನು ಸೇರಿಸಿದವರು ಅವರೇ. ನನ್ನ ಗುರಿಯ ಬಗ್ಗೆ ಹೆಚ್ಚು ಹೇಳುವುದು ಬೇಡ. ನಾನು ಹೊಡೆಯಲು ಮಲಗಿದರೆ ಪಕ್ಕದ ಗುರಿಹಲಗೆಯವರು ನನ್ನ ಗುಂಡು ತಮ್ಮದಕ್ಕೆ ಬಿದ್ದು ಎರಡು ಅಂಕ ಹೆಚ್ಚು ಬರಬಹುದೆಂದು ಖುಷಿಪಡುತ್ತಾರೆ, ಅಷ್ಟೇ. ಡಾಕ್ಟರ ಬಳಿ ಅವರಪ್ಪನ ಕಾಲದ ಒಂದು ರೈಫಲ್ ಇದೆ. ಅದಕ್ಕೆ ಹೊಂದುವ ತೋಟೆಗಳು ಈಗ ಎಲ್ಲೂ ಸಿಗುವುದಿಲ್ಲ. ಹಾಗಾಗಿ ಗುಂಡು ಹಾರಿದ ಮೇಲೆ ಹೊರಬೀಳುವ ಖಾಲಿ ಹಿತ್ತಾಳೆ ಕೊಳವೆಗಳನ್ನೇ ಆರಿಸಿ, ತೊಳೆದು, ಬೆಳಗಿ, ಮತ್ತೆ ಮದ್ದು ತುಂಬಿ ಬಳಸುತ್ತಾರೆ. ಒಡೆದು ಸವೆದು ಉಳಿದವು ನಲವತ್ತೇ ನಲವತ್ತು. ಡಾಕ್ಟರಿಗೆ ಎಂಬತ್ತು ತುಂಬಿದೆ. "ಈ ಸಲದ ಮ್ಯಾಚೇ ಕೊನೆ ಮಾರಾಯ್ರೇ. ಕಣ್ಣು ಸಾಕು ಅಂತ ಹೇಳ್ತಾ ಉಂಟು. ಅಪ್ಪನ ರೈಫಲಲ್ಲಿ ಒಮ್ಮೆ ಹೊಡೆದು ನಿಲ್ಲಿಸ್ತೇನೆ" ಎಂದಿದ್ದರು. ಬೆರಳುಗಳು ಮೊದಲಿನಂತೆ ಮಡಚುವುದಿಲ್ಲವಾದ್ದರಿಂದ ತೋಟೆಗಳನ್ನು ಬೆಳಗಲು ಯಾರಾದರೂ ಬೇಕಿತ್ತು. ನಾನು ಕೈ ಎತ್ತಿದೆ.

ಅವರು ಖಾಲಿ ತೋಟೆಗಳ ಡಬ್ಬಿ ಕೊಟ್ಟರು, ದಾರಿಯಲ್ಲಿ ಪೊಲೀಸರು ತಡೆದರೆ ತೋರಿಸಲು ಕ್ಲಬ್ಬಿನ ಕಾಗದ ಕೊಟ್ಟರು, ಜೊತೆಗೆ ಒಂದು ಪುಟ್ಟ ಡ್ರಮ್ಮನ್ನೂ ಕೊಟ್ಟರು. ಅದರಲ್ಲಿ ಒಣಗಿದ ಮೆಕ್ಕೆಜೋಳದ ದಿಂಡಿನ ತರಿಯ ಜೊತೆ ತೋಟೆಗಳನ್ನು ಹಾಕಿ ಗುಂಡಿ ಒತ್ತಿದರೆ ಮೂರು ಗಂಟೆ ಗಡಗಡ ತಿರುಗಿ ತಾನೇ ಹೊಳಪು ಕೊಡುತ್ತದಂತೆ. ನನಗೆ ಒಳಗೊಳಗೇ ನಗು ಬಂತು. ನಮ್ಮಮ್ಮ ಕಾಲು ಗಂಟೆಯಲ್ಲಿ ಮುಗಿಸುತ್ತಿದ್ದ ಕೆಲಸಕ್ಕೆ ಮೂರು ಗಂಟೆ ಕರೆಂಟು ಸುಡಬೇಕೆ? ಶನಿವಾರ ಬೆಳಿಗ್ಗೆ ಸೌತ್ ಸಿ ಬಡಾವಣೆಯ ನಮ್ಮ ಮನೆಯ ಹಿಂದಿನ ನಲ್ಲಿಯ ಹತ್ತಿರ ಬಕೆಟ್ ಇಟ್ಟು, ಮನೆಯಲ್ಲಿದ್ದ ಹುಣಸೆಹಣ್ಣನ್ನೆಲ್ಲ ಕಿವುಚಿ, ಉಪ್ಪು ಸುರಿದು, ತೋಟೆಗಳನ್ನು ಮುಳುಗಿಸಿದೆ. ಹೆಂಡತಿ ಸುಧಾ ಬಾಗಿಲಲ್ಲಿ ನಿಂತು, "ರೀ, ಡಾಕ್ಟ್ರು ಮಷೀನ್ ಕೊಟ್ಟಿದಾರಲ್ಲ, ಅದರಲ್ಲಿ ಹಾಕೋದು ಬಿಟ್ಟು ಇದೇನಿದು? ನಾಳೆ ಸಾರಿಗೆ ಹುಣಸೆಹಣ್ಣು ಎಲ್ಲಿಂದ ತರ್ಲಿ?" ಎಂದಳು. "ನಿನಗೆ ಹಿತ್ತಾಳೆ ವಿಷಯ ಗೊತ್ತಾಗಲ್ಲ, ಸುಮ್ನಿರು" ಎಂದೆ. ಸ್ಟೀಲು ಪಾತ್ರೆಯ ಮನೆಯಿಂದ ಬಂದವಳೆಂದು ಆಗಾಗ ಅವಳನ್ನು ರೇಗಿಸುವುದುಂಟು.

ಹತ್ತು ನಿಮಿಷ ನೆನೆಸಿ ತೆಗೆಯಬೇಕೆಂದೇ ಇದ್ದೆ, ದೇವರಾಣೆ. ಅಷ್ಟರಲ್ಲಿ ಕನ್ನಡ ಕೂಟದ ಸಭೆಗೆ ಹೊತ್ತಾಯಿತೆಂದು ಫೋನ್ ಬಂತು. ರಾಜ್ಯೋತ್ಸವದ ಊಟಕ್ಕೆ ಪುಳಿಯೋಗರೆಯೋ ಬಿಸಿಬೇಳೆಬಾತೋ ಎಂಬುದು ಅಂದಿನ ವಿಷಯ. ಅರ್ಧ ಗಂಟೆಯಲ್ಲಿ ಮುಗಿಯಬೇಕಿದ್ದ ಸಭೆ ಪುಳಿಯೋಗರೆಗೆ ಬೆಲ್ಲ ಹಾಕಬೇಕೇ ಬೇಡವೇ ಎಂಬಲ್ಲಿ ಸಿಕ್ಕಿಕೊಂಡಿತು. ಇಬ್ಬರು ಎದ್ದು ಹೋದರು, ಒಬ್ಬರು ರಾಜೀನಾಮೆ ಕೊಟ್ಟರು, ಕಾಫಿ ಬಂದ ಮೇಲೆ ವಾಪಸು ತೆಗೆದುಕೊಂಡರು. ನಾನು ಬೆಲ್ಲದ ಪರವಾಗಿ ದೀರ್ಘವಾಗಿ ಮಾತಾಡಿ ಮನೆಗೆ ಬಂದಾಗ ಸಂಜೆ ಐದು.

ಬಕೆಟ್ಟಿಗೆ ಕೈ ಹಾಕಿದೆ. ತೋಟೆಗಳೆಲ್ಲ ಕೆಂಪಗೆ ಆಗಿದ್ದವು. ಎಂಥಾ ಕೆಂಪು! ಅಮ್ಮ ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದಳು. ಒಂದನ್ನು ಎತ್ತಿ ಮಗಳು ತನ್ವಿಗೆ ತೋರಿಸಿದೆ. ಅವಳು ಇಲ್ಲೇ ಹುಟ್ಟಿ ಬೆಳೆದವಳು, ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ. "ಹೆಂಗಿದೆ ನೋಡು" ಎಂದೆ. ಅವಳು ಅದನ್ನು ಬೆಳಕಿಗೆ ಹಿಡಿದು, "ಅಪ್ಪಾ, ವೈ ಈಸ್ ಇಟ್ ಪಿಂಕ್? ದಟ್ಸ್ ಕಾಪರ್. ದ ಝಿಂಕ್ ಈಸ್ ಗಾನ್" ಎಂದಳು. ಹಿತ್ತಾಳೆ ಎಂದರೆ ತಾಮ್ರ ಮತ್ತು ಸತುವಿನ ಬೆರಕೆ; ಹುಳಿಯಲ್ಲಿ ಹೊತ್ತುಗಟ್ಟಲೆ ಬಿಟ್ಟರೆ ಸತು ಕರಗಿ ಹೋಗುತ್ತದೆ, ಉಳಿದದ್ದು ಮೇಲೆ ಗಟ್ಟಿ ಕಂಡರೂ ಒಳಗೆ ಟೊಳ್ಳು. ದೀಪದ ಕಂಬ ಹಾಗಾದರೆ ಏನೂ ತೊಂದರೆಯಿಲ್ಲ, ಅದರೊಳಗೆ ಯಾರೂ ಮದ್ದು ತುಂಬಿ ಸಿಡಿಸುವುದಿಲ್ಲ. ತೋಟೆ ಹಾಗಲ್ಲ. ಕೋವಿಯೊಳಗೆ ಸೀಳಿದರೆ, ಡಾಕ್ಟರು ಕೆನ್ನೆ ಒತ್ತಿ ಹಿಡಿದಿರುವ ಜಾಗಕ್ಕೇ ಬೆಂಕಿ ಬರಬಹುದು. 

ಈಗ ನಾನು ಮಾಡಿದ ಕೆಲಸ ಕೇಳಿದರೆ ನೀವು ನನ್ನನ್ನು ಮನೆಗೆ ಸೇರಿಸಲಿಕ್ಕಿಲ್ಲ. ತೋಟೆಗಳನ್ನು ತೊಳೆದು, ಒಣಗಿಸಿ, ಅದೇ ಡ್ರಮ್ಮಿಗೆ ಹಾಕಿ ಗುಂಡಿ ಒತ್ತಿದೆ. ಮೂರು ಗಂಟೆಯ ನಂತರ ತೆಗೆದರೆ ಕೆಂಪೆಲ್ಲ ಮಾಯ! ನಲವತ್ತೂ ಹೊಸ ಚಿನ್ನದಂತೆ ಥಳಥಳ. ಎಲ್ಲಾ ಸರಿಹೋಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಸರಿಹೋಗಿಲ್ಲವೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಮಾರನೆಯ ಬೆಳಿಗ್ಗೆ ಡಬ್ಬಿ ಹಿಡಿದು ಹೊರಟಾಗ ಸುಧಾ ಕರೆಯದೆಯೇ ಬಂದು ಕಾರಿನಲ್ಲಿ ಕೂತಳು. ಲಂಗಾಟಾ ರಸ್ತೆಯಲ್ಲಿ ಒಂದು ಮಟಾಟು, ಅಂದರೆ ಇಲ್ಲಿನ ಖಾಸಗಿ ಮಿನಿಬಸ್ಸು, ನಮ್ಮನ್ನು ಪಕ್ಕಕ್ಕೆ ತಳ್ಳಿ ಹೋದರೂ ಅವಳ ಗಮನ ಅತ್ತ ಹೋಗಲಿಲ್ಲ. "ನೀವು ಹೇಳ್ತೀರೋ, ನಾನು ಹೇಳ್ಲೋ?" ಎಂದಳು. "ನೋಡೋಣ" ಎಂದೆ.

ಡಾಕ್ಟರು ವರಾಂಡದಲ್ಲಿ ಡಬ್ಬಿ ತೆರೆದರು. ಒಂದೊಂದನ್ನೇ ಎತ್ತಿ ಬಿಸಿಲಿಗೆ ಹಿಡಿದು ನೋಡಿದರು. ಮುಖ ಅರಳಿತು. "ಅಬ್ಬ! ನನ್ನ ಅಪ್ಪ ಇರುವಾಗ ಸಹ ಇಷ್ಟು ಹೊಳೀಲಿಲ್ಲ ಇದು. ನಿಮ್ಮ ಕೈಯಲ್ಲಿ ಏನೋ ಉಂಟು!" ನಾನು ಏನು ಹೇಳಿದೆ ಗೊತ್ತೇ? "ಥ್ಯಾಂಕ್ಯೂ ಡಾಕ್ಟ್ರೇ" ಎಂದೆ. ಹೌದು, ಅಷ್ಟೇ. ಆಗ ಸುಧಾ ಒಮ್ಮೆ ಕೆಮ್ಮಿದಳು. ಮದುವೆಯಾಗಿ ಹದಿನೆಂಟು ವರ್ಷವಾದವರಿಗೆ ಇಂಥ ಕೆಮ್ಮಿನ ಅರ್ಥ ಬಿಡಿಸಿ ಹೇಳಬೇಕಿಲ್ಲ. ಬಾಯಿ ತೆರೆದೆ, ಹುಣಸೆಹಣ್ಣು, ಪುಳಿಯೋಗರೆ ಸಭೆ, ಕೆಂಪು ಬಣ್ಣ, ಡ್ರಮ್ಮು, ಎಲ್ಲ ಒಟ್ಟಿಗೆ ಹೊರಬಿತ್ತು.

 ಡಾಕ್ಟರು ಒಳಗೆ ಹೋಗಿ ಎರಡು ಇಕ್ಕಳ ತಂದು ಒಂದನ್ನು ನನಗೆ ಕೊಟ್ಟರು. "ಬಾಯಿ ಜಜ್ಜಿ ಬಿಡುವ. ಇಲ್ಲದಿದ್ರೆ ಹೊಳಪು ನೋಡಿ ಯಾರಾದ್ರೂ ಮದ್ದು ತುಂಬಿಸ್ತಾರೆ" ಎಂದರು. ಇಬ್ಬರೂ ಕೂತು ನಲವತ್ತು ತೋಟೆಗಳ ಬಾಯಿಯನ್ನು ಒಂದೊಂದಾಗಿ ಚಪ್ಪಟೆ ಮಾಡಿದೆವು. ಅವರ ಬೆರಳು ನೋಯುತ್ತಿತ್ತು, ಆದರೂ ತಮ್ಮ ಪಾಲಿನ ಇಪ್ಪತ್ತನ್ನು ನನಗೆ ಬಿಟ್ಟುಕೊಡಲಿಲ್ಲ.  ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಕೊನೆಯದನ್ನು ಡಬ್ಬಿಗೆ ಹಾಕಿ, "ಹೋಗ್ಲಿ. ಅಪ್ಪನ ರೈಫಲಿಗೂ ವಯಸ್ಸಾಯ್ತಲ್ಲ" ಎಂದರು.

ಮುಂದಿನ ಭಾನುವಾರ ಅವರು ಕ್ಲಬ್ಬಿನ ರೈಫಲಿನಲ್ಲಿ ತಮ್ಮ ಕೊನೆಯ ಮ್ಯಾಚ್ ಆಡಿದರು. ಕೆಳಗಿನಿಂದ ಮೂರನೆಯವರಾದರು. ಕೆಳಗಿನಿಂದ ಮೊದಲನೆಯವನು ಯಾರೆಂದು ಕೇಳಬೇಡಿ. ಚಹಾದ ಹೊತ್ತಿಗೆ ಬೀಳ್ಕೊಡುಗೆ ಭಾಷಣಕ್ಕೆ ಎದ್ದವರು ಅಪ್ಪನ ಬಗ್ಗೆ, ರೈಫಲಿನ ಬಗ್ಗೆ ಎರಡು ಮಾತಾಡಿ, ನನ್ನತ್ತ ಕೈ ತೋರಿಸಿದರು. "ನನ್ನ ವೃತ್ತಿಯಲ್ಲಿ ತಪ್ಪು ಮಾಡಿ ಮುಚ್ಚಿಟ್ಟವರನ್ನು ಐವತ್ತು ವರ್ಷ ನೋಡಿದ್ದೇನೆ, ಯಾರೂ ಕೇಳದೆ ತಾನಾಗಿ ಬಂದು ಹೇಳಿದವರು ಈ ಮೇಷ್ಟ್ರು ಒಬ್ಬರೇ" ಎಂದು ಇಂಗ್ಲಿಷಿನಲ್ಲಿ ಸಾರಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಎದ್ದು ನಿಂತು ಕೈ ಮುಗಿದೆ. ಎರಡನೇ ಸಾಲಿನಲ್ಲಿ ಚಹಾ ಕುಡಿಯುತ್ತಿದ್ದ ಸುಧಾ ಈ ಸಲ ಕೆಮ್ಮಲಿಲ್ಲ, ಬರೀ ನೋಡಿದಳು.

ಅಂದಿನಿಂದ ಅವಳದು ಒಂದೇ ಹಟ: ಡಾಕ್ಟರಿಗೆ ಆ ಕೆಮ್ಮಿನ ವಿಷಯವನ್ನೂ ಹೇಳಿಬಿಡಿ. ಬಾಯಲ್ಲಿ ಹೇಳುವುದೇನು, ಬರೆದು ಅಚ್ಚು ಹಾಕಿಸಿಯೇ ಕೊಡುತ್ತೇನೆಂದು ಮಾತು ಕೊಟ್ಟಿದ್ದೆ. ಅದರಂತೆ ಇಲ್ಲಿ ಒಂದಿಷ್ಟೂ ಮುಚ್ಚಿಡದೆ ಎಲ್ಲವನ್ನೂ ಬರೆದಿದ್ದೇನೆ. ಡಾಕ್ಟರು ನಾಲ್ಕನೇ ವಯಸ್ಸಿಗೇ ಅಪ್ಪನ ಜೊತೆ ಈ ದೇಶಕ್ಕೆ ಬಂದವರು. ಕನ್ನಡ ಸೊಗಸಾಗಿ ಮಾತಾಡುತ್ತಾರೆ, ಓದಲು ಮಾತ್ರ ಬರುವುದಿಲ್ಲ.