ಉತ್ತರಕ್ಕೆ ಮುಖ ಮಾಡಿದ ಗಾಡಿ

"ಏಳನೇತ್ತಕ್ಕ ಸಾಲಿ ಬಿಟ್ಟ ದನದ ಕೈಗೆ ಕಾರಿನ ಚಾವಿ ಕೊಟ್ಟೆ ನೋಡು, ನನ್ನ ಮೆಟ್ಟು ತಗೊಂಡು ನಾನಾ ಹೊಡ್ಕೋಬೇಕು!"

ಸಂಡೂರಿನ ಆ ಓಣಿಗೆಲ್ಲ ಕೇಳುವಂತೆ ಗಣಿ ಧಣಿ ವಿರುಪಾಕ್ಷಪ್ಪ ಕೂಗಿದ. ಚಹಾದಂಗಡಿಯ ಮುಂದೆ ಕೂತವರು ಕಿಸಕ್ಕೆಂದರು. ಡ್ರೈವರ್ ಮಹಾಂತೇಶನ ಕಿವಿ ಡಿಸೆಂಬರ್ ಚಳಿಯಲ್ಲೂ ಕಾದ ಹಂಚಾಯಿತು. ಚಾವಿ ತಿರುಗಿಸಿದ. ಗಾಡಿ ದಮ್ಮಿನ ಮುದುಕನಂತೆ ಕಿರ್ರ್ ಎಂದು ಸುಮ್ಮನಾಯಿತು.

ಅಂದು ಸೋಮವಾರ. ಏಳೂವರೆಗೆ ರಾಹುಕಾಲ. ಅಷ್ಟರೊಳಗೆ ಧಣಿ ಮಗಳ ಸಂಬಂಧ ಮಾತಾಡಲು ಕಂಪ್ಲಿಗೆ ಹೊರಡಬೇಕು.

"ಹೊರಡ್ಲಿಲ್ಲಂದ್ರ ಚಾವಿ ಇಟ್ಟು ಹೋಗು. ಮತ್ತ ಟಿಪ್ಪರ್ ಹೊಡಿಯಾಕ!"

ಟಿಪ್ಪರ್ ಎಂದರೆ ಅದಿರಿನ ಧೂಳು. ಆರು ವರ್ಷ ಅದನ್ನು ನುಂಗಿ ಮಹಾಂತೇಶ ಉಗುಳಿದ್ದೆಲ್ಲ ಕೆಂಪಾಗಿತ್ತು. ಗಾಜು ಏರಿಸಿದ ಈ ಗಾಡಿಗೆ ಬಂದ ಮೇಲೇ ಅವನು ಎದೆ ತುಂಬ ಉಸಿರಾಡಿದ್ದು.

"ಧಣಿ, ಚಳಿಗಿ ಬ್ಯಾಟ್ರಿ ಸೋಲ್ತತಿ. ಆಯಿಲ್ ತಂಗಳ ಅಂಬಲಿ ಆದಂಗ ಆಗ್ತತಿ. ಹೊಸಾ ಬ್ಯಾಟ್ರಿ ಹಾಕಸ್ರಿ ಅಂತ ದೀಪಾವಳಿಗೇ ಹೇಳಿದ್ದೆ."

ಧಣಿ ಹಾಕಿಸಿದ್ದು ಒಂದು ಟಿ.ವಿ., ಜೊತೆಗೆ ಆನೆಯಂತೆ ಘೀಳಿಡುವ ಹಾರನ್ನು. ಎರಡೂ ಆ ಬಡ ಬ್ಯಾಟರಿಯನ್ನೇ ಹೀರುತ್ತಿದ್ದವು.

ಅದಕ್ಕೇ ಮಹಾಂತೇಶ ದಿನಾ ಸಂಜೆ ಗಾಡಿಯನ್ನು ಓಣಿಯ ಇಳಿಜಾರಿಗೆ ಮುಖ ಮಾಡಿ ನಿಲ್ಲಿಸುತ್ತಿದ್ದ. ಬೆಳಗ್ಗೆ ಉರುಳಲು ಬಿಟ್ಟು ಗೇರ್ ಹಾಕಿದರೆ ಆಯಿತು. ನಿನ್ನೆ ವಾಸ್ತು ಹೇಳುವ ನಾಗೇಂದ್ರಪ್ಪ ಬಂದವನೇ, "ದಕ್ಷಿಣಕ್ಕ ಮುಖಾ? ಯಮನ ಕಡಿಗಿ! ಉತ್ತರಕ್ಕ ತಿರುಗಸ್ರಿ, ಕುಬೇರ ಇರೋದು ಅಲ್ಲಿ" ಎಂದು ಏರಿಗೆ ಮುಖ ಮಾಡಿಸಿ, ಚಕ್ರದ ಹಿಂದೆ ಕಲ್ಲು ಇಡಿಸಿದ್ದ.

ಅಡುಗೆಯ ನೀಲಗಂಗಮ್ಮ ಸ್ನಾನದ ಹಂಡೆಯಿಂದ ಬಿಸಿನೀರು ತಂದು ಬಾನೆಟ್ ಮೇಲೆ ಸುರಿದಳು. ಕುಂಕುಮವಷ್ಟೇ ತೊಳೆದುಹೋಯಿತು. ಚಹಾದಂಗಡಿಯವರು ಗಾಡಿಯನ್ನು ಏರಿಗೆ ನೂಕಿ ನೂಕಿ ಏದುಸಿರು ಬಿಟ್ಟರು.

"ಹಿಂದಕ್ಕ ಉರುಳಿಸಿ ರಿವರ್ಸ್ ಗೇರಿನ್ಯಾಗ ಎಬ್ಬಸ್ತೀನ್ರಿ," ಎಂದ ಮಹಾಂತೇಶ.

"ಶುಭಕಾರ್ಯಕ್ಕ ಹೋಗೋ ಗಾಡಿ ಹಿಂದಕ್ಕೇನಲೇ?" ಧಣಿಯ ಜೊತೆ ಕಂಪ್ಲಿಗೆ ಹೊರಟು ನಿಂತಿದ್ದ ನಾಗೇಂದ್ರಪ್ಪ ಕಿಡಿಯಾದ.

ಏಳು ಇಪ್ಪತ್ತು. ಮಹಾಂತೇಶ ಕಲ್ಲನ್ನು ಒದ್ದು ಒಳಗೆ ಹಾರಿದ. ಗಾಡಿ ಸಾಲ ಕೊಟ್ಟವನನ್ನು ಕಂಡವನಂತೆ ಹಿಂದೆ ಹಿಂದೆ ಓಡಿತು. ಕೋಳಿಗಳು ಚದುರಿದವು. ಕ್ಲಚ್ ಬಿಟ್ಟ. ಒಂದು ಜಗ್ಗು, ಬುರ್ರ್! ಹಾರನ್ ಹೊಡೆಯುತ್ತ ಏರಿ ಬಂದು ಮನೆ ಮುಂದೆ ನಿಲ್ಲಿಸಿದ.

"ಶಹಬ್ಬಾಸ್ ಲೇ!" ಧಣಿ ಪಂಚೆ ಎತ್ತಿಕೊಂಡು ಹತ್ತಲು ಬಂದ.

"ನಿಲ್ರಿ," ನಾಗೇಂದ್ರಪ್ಪ ತಡೆದ. "ಗಾಡಿ ಮೊದಲ್ನೇ ಹೆಜ್ಜಿ ಯಮನ ಕಡಿಗಿ ಇಟ್ಟೈತಿ. ಆರಿಸಿ, ನಿಂಬಿಹಣ್ಣು ಇಟ್ಟು, ಉತ್ತರಕ್ಕ ಹೊಸದಾಗಿ ಚಾಲೂ ಮಾಡ್ರಿ."

"ಆರಿಸಬ್ಯಾಡ್ರೀ ಧಣಿ!"

ಅಷ್ಟರಲ್ಲಿ ಧಣಿಯ ಐದು ಉಂಗುರದ ಕೈ ಕಿಟಕಿಯೊಳಗೆ ಬಂದು ಚಾವಿ ತಿರುಗಿಸಿಯಾಗಿತ್ತು.

ಬಾನೆಟ್ ಮೇಲೆ ನಿಂಬೆಹಣ್ಣು ಕೂತಿತು. "ಹೊಡಿ ಈಗ," ಎಂದ ಧಣಿ.

ಈ ಸಲ ಕಿರ್ರ್ ಎಂದೂ ಅನ್ನಲಿಲ್ಲ. ಗಡಿಯಾರ ಏಳೂವರೆ ದಾಟಿತು.

"ದರಿದ್ರದ ಕೈ ನಿಂದು! ನಾಗೇಂದ್ರಪ್ಪ ಇಡಿಸಿದ ಕಲ್ಲು ಯಾಕ ತೆಗೆದಿ? ಬೊಗಳು!"

ಮಹಾಂತೇಶ ಚಾವಿಯನ್ನು ನಿಂಬೆಹಣ್ಣಿನ ಪಕ್ಕಕ್ಕಿಟ್ಟ. ಇಳಿಜಾರಿನ ಕೆಳಗೆ, ದೊಡ್ಡ ರಸ್ತೆಯಲ್ಲಿ, ಅದಿರಿನ ಟಿಪ್ಪರ್‌ಗಳು ಸಾಲುಗಟ್ಟಿ ಓಡುತ್ತಿದ್ದವು. ಅವಕ್ಕೆ ಚಳಿಯ ಕಾಟವೇ ಇರಲಿಲ್ಲ. ಅವನ್ನು ಯಾರೂ ಆರಲು ಬಿಟ್ಟಿರಲೇ ಇಲ್ಲ.

"ಲೇ, ನಿನ್ನನ್ನೇ ಕೇಳಾಕತ್ತೀನಿ!"

ಮಹಾಂತೇಶ ಮೂಗಿಗೆ ಟವೆಲ್ ಕಟ್ಟಿಕೊಂಡು ಟಿಪ್ಪರ್‌ಗಳ ಕಡೆಗೆ, ದಕ್ಷಿಣಕ್ಕೆ ನಡೆದ.